ಗಣಕಯಂತ್ರದ ಸಂಗೀತ ಭಂಡಾರವೂ ಅದರ ಪರಿಚಾರಕರೂ

ವಾಚಕ ಬಂಧುಗಳಲ್ಲಿ ಅನೇಕರ ಮನೆಗಳಲ್ಲಿ ಮುಂಜಾನೆಯ ಪೂಜೆಯ ಹೊತ್ತಿಗೆ ವಚನಗಾಯನವನ್ನು ಹಚ್ಚುವ ರೂಢಿ ಉಂಟು. ಮೊದಲು ರೇಡಿಯೋ, ಬಳಿಕ ಕ್ಯಾಸೆಟ್ಟು, ತದನಂತರ ಸಿ.ಡಿ., ಈಗ ಗಣಕಯಂತ್ರ ಇಲ್ಲವೆ ಫೋನು. ಸಾಧನ ಬದಲಾದಂತೆ ಹಾಡುಗಳ ಸಂಖ್ಯೆ ಬೆಳೆಯುತ್ತ ಬಂದಿತು. ಕಪಾಟಿನಲ್ಲಿ ನಲವತ್ತು ಕ್ಯಾಸೆಟ್ಟುಗಳಿದ್ದ ಮನೆಯ ಗಣಕದಲ್ಲಿ ಇಂದು ನಾಲ್ಕು ಸಾವಿರ ಕಡತಗಳಿವೆ. ನಲವತ್ತರಲ್ಲಿ ಬೇಕಾದುದನ್ನು ಕತ್ತಲಲ್ಲಿಯೂ ಕೈಯಿಟ್ಟು ತೆಗೆಯುತ್ತಿದ್ದ ಹಿರಿಯರು ನಾಲ್ಕು ಸಾವಿರದಲ್ಲಿ ಒಂದನ್ನೂ ಕಾಣಲಾರದೆ ಮೊಮ್ಮಕ್ಕಳ ದಾರಿ ಕಾಯುತ್ತಾರೆ. ಮೊಮ್ಮಕ್ಕಳು ಬಂದು ನೋಡಿದರೆ ತೆರೆಯ ಮೇಲೆ ‘ಟ್ರ್ಯಾಕ್ 01’, ‘ಟ್ರ್ಯಾಕ್ 02’, ‘ಗಾಯಕರು ತಿಳಿಯದು’ ಎಂಬ ಸಾಲುಗಳ ಹೊರತು ಮತ್ತೇನೂ ಇಲ್ಲ.

ಈ ಕುರಿತು ಕೆಲವು ತಿಂಗಳಿಂದ ನಮಗೆ ಪತ್ರಗಳು ಬರುತ್ತಿವೆ. ಆದುದರಿಂದ ಈ ಸಲ ಹಾಡುವ ತಂತ್ರಾಂಶದ ಜೊತೆಗೆ ಸೇರಿಕೊಂಡು ಅದರ ಭಂಡಾರವನ್ನು ಅಚ್ಚುಕಟ್ಟಾಗಿಡುವ ಸಣ್ಣ ಸಾಧನಗಳ ವಿಚಾರವನ್ನು ಎತ್ತಿಕೊಂಡಿದ್ದೇವೆ. ಪ್ಲಗ್-ಇನ್, ಆಡ್-ಆನ್ ಎಂದು ಹುಡುಗರು ಕರೆಯುವ ಇವನ್ನು ನಾವು ಪರಿಚಾರಕರೆಂದು ಕರೆಯೋಣ. ಹಾಡುವ ತಂತ್ರಾಂಶ ಮನೆಯ ಯಜಮಾನನಾದರೆ ಇವು ಉಗ್ರಾಣದ ಕೆಲಸದವರು. ಒಳ್ಳೆಯ ಕೆಲಸದವರಿದ್ದರೆ ಉಗ್ರಾಣ ಹೇಗಿರುತ್ತದೆ, ಅತಿ ಉತ್ಸಾಹದವರಿದ್ದರೆ ಏನಾಗುತ್ತದೆ ಎಂಬುದು ದಾಸೋಹ ನಡೆಸಿದವರಿಗೆಲ್ಲ ಗೊತ್ತು.

ಮೊದಲು ಈ ಹೆಸರಿಲ್ಲದ ಸ್ಥಿತಿ ಎಲ್ಲಿಂದ ಬಂದಿತೆಂಬುದನ್ನು ತಿಳಿಯಬೇಕು. 1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದಾಗ ಅದರೊಳಗೆ ಧ್ವನಿ ಇತ್ತು, ಯಾವ ಹಾಡು ಎಷ್ಟನೆಯ ನಿಮಿಷಕ್ಕೆ ಆರಂಭವಾಗುತ್ತದೆಂಬ ಪಟ್ಟಿ ಇತ್ತು. ಹಾಡಿನ ಹೆಸರಾಗಲಿ ಹಾಡಿದವರ ಹೆಸರಾಗಲಿ ಇರಲಿಲ್ಲ. ಹೆಸರೆಲ್ಲ ಹೊರಗಿನ ಕಾಗದದ ಮೇಲೆ. ತಟ್ಟೆಯನ್ನು ಗಣಕಕ್ಕೆ ಕೊಟ್ಟು ಕಾಗದವನ್ನು ಕಪಾಟಿನಲ್ಲಿಟ್ಟರೆ ಗಣಕಕ್ಕೆ ಹೆಸರು ತಿಳಿಯುವುದಾದರೂ ಹೇಗೆ? 1990ರ ದಶಕದಲ್ಲಿ ಅಮೆರಿಕೆಯ ಟಿ ಕಾನ್, ಸ್ಟೀವ್ ಶೆರ್ಫ್ ಎಂಬಿಬ್ಬರು ಇದಕ್ಕೊಂದು ಉಪಾಯ ಹೂಡಿದರು. ಪ್ರತಿಯೊಂದು ತಟ್ಟೆಯಲ್ಲಿ ಹಾಡುಗಳು ಆರಂಭವಾಗುವ ಕ್ಷಣಗಳೂ ಒಟ್ಟು ಕಾಲಾವಧಿಯೂ ಬೇರೆ ಬೇರೆಯಾಗಿರುತ್ತವಷ್ಟೆ. ಆ ಲೆಕ್ಕದಿಂದ ಎಂಟು ಅಕ್ಷರದ ಒಂದು ಗುರುತನ್ನು ಹುಟ್ಟಿಸಿ, ಆ ಗುರುತಿನ ಎದುರಿಗೆ ಹಾಡುಗಳ ಹೆಸರುಗಳನ್ನು ಬರೆದಿಡುವ ಒಂದು ಸಾರ್ವಜನಿಕ ಖಾತೆಯನ್ನು ತೆರೆದರು. ಅದರ ಹೆಸರು ಸಿಡಿಡಿಬಿ. ಎರಡು ತಟ್ಟೆಗಳಿಗೆ ಒಂದೇ ಗುರುತು ಬಂದು ಒಬ್ಬರ ಹಾಡಿಗೆ ಇನ್ನೊಬ್ಬರ ಹೆಸರು ಅಂಟಿದ ಪ್ರಸಂಗಗಳೂ ಉಂಟು. ಆದರೂ ಉಪಾಯ ಸೊಗಸಾದುದೇ.

ಆ ಖಾತೆಯನ್ನು ತುಂಬಿದವರು ಯಾರು? ಸಂಬಳದವರಲ್ಲ, ಲೋಕದ ನಾನಾ ಭಾಗದ ಸಂಗೀತಪ್ರಿಯರು. ತಮ್ಮ ತಮ್ಮ ಮನೆಯ ತಟ್ಟೆಗಳನ್ನು ಮುಂದಿಟ್ಟುಕೊಂಡು ಒಂದೊಂದೇ ಹೆಸರನ್ನು ಬೆರಳಚ್ಚು ಮಾಡಿ ಕಳುಹಿದರು. 1998ರಲ್ಲಿ ಆ ಖಾತೆ ಒಂದು ಕಂಪನಿಗೆ ಮಾರಾಟವಾಯಿತು. 2000ದಲ್ಲಿ ಗ್ರೇಸ್‌ನೋಟ್ ಎಂಬ ಹೊಸ ಹೆಸರಿನೊಂದಿಗೆ ವ್ಯಾಪಾರದ ಸರಕಾಯಿತು. ತಾವು ಪುಕ್ಕಟೆ ಬರೆದುಕೊಟ್ಟುದನ್ನು ತಮಗೇ ನಿಯಮ ಹಾಕಿ ಕೊಡುತ್ತಾರಲ್ಲ ಎಂದು ಬರೆದವರು ನೊಂದುಕೊಂಡರು. ಆ ನೋವಿನಿಂದಲೇ ಫ್ರೀಡಿಬಿ ಎಂಬ ಇನ್ನೊಂದು ಖಾತೆಯೂ, ರಾಬರ್ಟ್ ಕೇ ಎಂಬವರು ಆರಂಭಿಸಿದ ಮ್ಯೂಸಿಕ್‌ಬ್ರೈನ್ಸ್ ಎಂಬ ಮತ್ತೊಂದೂ ಹುಟ್ಟಿದವು. ಫ್ರೀಡಿಬಿ 2020ರಲ್ಲಿ ಮುಚ್ಚಿತು. ಮ್ಯೂಸಿಕ್‌ಬ್ರೈನ್ಸ್ ಲಾಭಕ್ಕಲ್ಲದ ಸಂಸ್ಥೆಯ ಆಶ್ರಯದಲ್ಲಿ ನಡೆದುಬಂದಿದೆ. ಅದರ ಮುಖ್ಯ ಮಾಹಿತಿಯನ್ನು ಯಾರು ಬೇಕಾದರೂ ಬಳಸಬಹುದು. ಹತ್ತು ಕೈ ಸೇರಿ ಕಟ್ಟಿದ ಕೆರೆಗೆ ಒಬ್ಬನು ಬೇಲಿ ಹಾಕಿದರೆ ಜನ ಸುಮ್ಮನೆ ಕೂಡುವುದಿಲ್ಲ, ಅದು ಅಮೆರಿಕೆಯಾದರೇನು, ನಮ್ಮ ಬಯಲುಸೀಮೆಯಾದರೇನು!

ಇನ್ನು ಎಂಪಿ3 ಕಡತಗಳ ವಿಚಾರ. ಇವುಗಳಿಗೂ ಮೊದಲು ಹೆಸರಿನ ಜಾಗವಿರಲಿಲ್ಲ. 1996ರಲ್ಲಿ ಎರಿಕ್ ಕೆಂಪ್ ಎಂಬವರು ಕಡತದ ಬಾಲಕ್ಕೆ 128 ಬೈಟುಗಳ ಒಂದು ಚೀಟಿಯನ್ನು ಕಟ್ಟಿದರು. ಇದೇ ಐಡಿ3 ಟ್ಯಾಗ್. ಅದರಲ್ಲಿ ಹಾಡಿನ ಹೆಸರಿಗೆ 30, ಗಾಯಕರಿಗೆ 30, ಸಂಪುಟಕ್ಕೆ 30, ಇಸವಿಗೆ 4, ಟಿಪ್ಪಣಿಗೆ 30 ಬೈಟುಗಳು. ಹಾಡಿನ ಪ್ರಕಾರಕ್ಕೆ ಒಂದೇ ಒಂದು. ಇಂಗ್ಲಿಷಿಗೆ ಮೂವತ್ತು ಅಕ್ಷರ ಹೇಗೋ ಸಾಲುತ್ತವೆ. ಕನ್ನಡಕ್ಕೆ? ಇಂದು ರೂಢಿಯಲ್ಲಿರುವ ಯೂನಿಕೋಡ್ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಚಿಹ್ನೆಗೆ ಮೂರು ಬೈಟು ಬೇಕು. ‘ಅಕ್ಕಮಹಾದೇವಿ’ ಎಂಬುದನ್ನು ಬಿಡಿಸಿದರೆ ಸ್ವರ, ವ್ಯಂಜನ, ವಿರಾಮ, ಕಾಗುಣಿತದ ಗುರುತು ಎಲ್ಲ ಸೇರಿ 11 ಚಿಹ್ನೆಗಳು, ಎಂದರೆ 33 ಬೈಟುಗಳು. ಆ ಚೀಟಿಯಲ್ಲಿ ಅಕ್ಕನ ಹೆಸರೊಂದೇ ಪೂರ್ತಿಯಾಗಿ ಹಿಡಿಸದು! ನಿಜ ಹೇಳಬೇಕೆಂದರೆ ಆ ಚೀಟಿಯನ್ನು ಮಾಡಿದ ಕಾಲಕ್ಕೆ ರೋಮನ್ ಲಿಪಿಯ ಹೊರಗಿನವರು ಲೆಕ್ಕದಲ್ಲಿಯೇ ಇರಲಿಲ್ಲ.

ಹಾಡಿನ ಪ್ರಕಾರದ ಕಥೆ ಇನ್ನೂ ವಿನೋದದ್ದು. ಅಲ್ಲಿ ಹೆಸರನ್ನು ಬರೆಯುವಂತಿಲ್ಲ. ಒಂದು ಪಟ್ಟಿಯಿಂದ ಅಂಕೆಯನ್ನು ಆರಿಸಬೇಕು. ಮೊದಲ ಪಟ್ಟಿಯಲ್ಲಿ 80 ಪ್ರಕಾರಗಳಿದ್ದವು. ರಾಕ್, ಮೆಟಲ್, ಟೆಕ್ನೋ ಎಂದು ಅವರ ಬಗೆಗಳೆಲ್ಲ ಉಂಟು. ಹಿಂದುಸ್ತಾನಿ ಇಲ್ಲ, ಕರ್ನಾಟಕಿ ಇಲ್ಲ, ವಚನವಂತೂ ಇಲ್ಲವೇ ಇಲ್ಲ. ಪಟ್ಟಿ ಸೊನ್ನೆಯಿಂದ ಆರಂಭವಾಗುತ್ತದೆ. ಸೊನ್ನೆಯ ಸ್ಥಾನದಲ್ಲಿರುವುದು ‘ಬ್ಲೂಸ್’ ಎಂಬ ಅಮೆರಿಕದ ಕರಿಯ ಜನರ ಗಾನಪ್ರಕಾರ. ಈ ಜಾಗವನ್ನು ತುಂಬದೆ ಸೊನ್ನೆಯಾಗಿ ಬಿಟ್ಟ ತಂತ್ರಾಂಶಗಳಿಂದಾಗಿ ಲೋಕದ ಅಸಂಖ್ಯಾತ ಹಾಡುಗಳು ‘ಬ್ಲೂಸ್’ ಆಗಿಬಿಟ್ಟವು. ನಿಮ್ಮ ಮನೆಯ ಗಣಕದಲ್ಲಿ ಅಲ್ಲಮಪ್ರಭುವಿನ ವಚನದ ಎದುರಿಗೆ ಆ ಶಬ್ದ ಕಂಡರೆ ಯಾರೋ ಬೇಕೆಂದು ಬರೆದರೆಂದು ಸಿಟ್ಟಾಗಬೇಡಿರಿ. ಅದು ಬರಿಯ ಸೊನ್ನೆ.

1998ರಿಂದ ಈಚೆಗೆ ಸ್ವೀಡನ್ನಿನ ಮಾರ್ಟಿನ್ ನಿಲ್ಸನ್ ಮೊದಲಾದವರು ಎರಡನೆಯ ಆವೃತ್ತಿಯ ಚೀಟಿಯನ್ನು ರೂಪಿಸಿದರು. ಅದು ಕಡತದ ತಲೆಗೆ ಕೂಡುತ್ತದೆ, ಉದ್ದದ ಇಕ್ಕಟ್ಟಿಲ್ಲ, ಯೂನಿಕೋಡ್ ಅಕ್ಷರಗಳನ್ನು ಹಿಡಿಯುತ್ತದೆ. ಹಾಡಿದವರಿಗೊಂದು ಮನೆ, ಸ್ವರ ಸಂಯೋಜಿಸಿದವರಿಗೊಂದು, ಸಾಹಿತ್ಯ ಬರೆದವರಿಗೆ ಬೇರೊಂದು ಉಂಟು. ಸಾಹಿತ್ಯವನ್ನೇ ಪೂರ್ತಿಯಾಗಿ ಬರೆದಿಡುವ ಮನೆಯೂ ಉಂಟು. ಅದರ ಭಾಷೆ ಯಾವುದೆಂದು ಮೂರಕ್ಷರದ ಸಂಕೇತದಲ್ಲಿ ಸೂಚಿಸಬೇಕು. ಕನ್ನಡಕ್ಕಿರುವ ಸಂಕೇತ ಕೆ, ಎ, ಎನ್. ಇದಾವುದೂ ಸಾಲದಿದ್ದರೆ ಬಳಸುವವರೇ ಹೆಸರಿಟ್ಟು ತೆರೆದುಕೊಳ್ಳುವ ಮನೆಗಳೂ ಇವೆ. ಇಷ್ಟು ಅನುಕೂಲವಿದ್ದೂ ನಮ್ಮ ಹಾಡುಗಳು ‘ಟ್ರ್ಯಾಕ್ 01’ ಆಗಿಯೇ ಉಳಿದಿರುವುದು ಏಕೆಂದರೆ ತುಂಬುವವರಿಲ್ಲ. ತುಂಬುವ ಕೆಲಸಕ್ಕಾಗಿಯೇ ಪರಿಚಾರಕರು ಹುಟ್ಟಿದರು.

1997ರಲ್ಲಿ ಜಸ್ಟಿನ್ ಫ್ರಾಂಕೆಲ್ ಮತ್ತು ಡಿಮಿಟ್ರಿ ಬೋಲ್ಡಿರೆವ್ ಎಂಬ ತರುಣರು ವಿನ್ಆಂಪ್ ಎಂಬ ಪ್ಲೇಯರನ್ನು ಹೊರತಂದರು. ಅದರ ರಚನೆಯೇ ಜೋಡಣೆಯ ತತ್ತ್ವದ ಮೇಲೆ ನಿಂತಿತ್ತು. ಕಡತವನ್ನು ಓದುವುದೊಂದು ಪರಿಚಾರಕ, ಧ್ವನಿಯನ್ನು ಹೊರಬಿಡುವುದೊಂದು, ಧ್ವನಿಯನ್ನು ತಿದ್ದುವುದೊಂದು, ತೆರೆಯ ಮೇಲೆ ಬಣ್ಣದ ಅಲೆಗಳನ್ನು ಆಡಿಸುವುದು ಮತ್ತೊಂದು. ಮುಂದೆ ಅದಕ್ಕೆ ಹಾಡುಗಳ ಭಂಡಾರವೆಂಬುದು ಬಂದಾಗ ಆ ಭಂಡಾರವೂ ಒಂದು ಪ್ಲಗ್-ಇನ್ ಆಗಿಯೇ ಬಂದಿತು. ಹೊರಗಿನವರು ಯಾರು ಬೇಕಾದರೂ ಬರೆದು ಸೇರಿಸಬಹುದಾದ ಕಾರಣ ವಿನ್ಆಂಪ್ ಬೇಗ ಬೆಳೆಯಿತು. 1999ರಲ್ಲಿ ಅದನ್ನು ಎಒಎಲ್ ಕೊಂಡಿತು. 2013ರಲ್ಲಿ ನಿಲ್ಲಿಸುವುದಾಗಿ ಸಾರಿತು. 2014ರಲ್ಲಿ ರೇಡಿಯೋನೋಮಿ ಎಂಬ ಸಂಸ್ಥೆಯ ಪಾಲಾಯಿತು. ಹಿಂದೊಮ್ಮೆ ಆ ಬಳಗಕ್ಕಾಗಿ ದುಡಿದಿದ್ದ ಪೀಟರ್ ಪಾವ್ಲೋವ್ಸ್ಕಿ ಎಂಬವರು 2002ರಲ್ಲಿ ಹೊರತಂದ ಫೂಬಾರ್2000 ಎಂಬುದು ನೋಡಲು ಲೆಕ್ಕಪತ್ರದ ಪುಸ್ತಕದಂತೆ ನೀರಸ. ಆದರೆ ಭಂಡಾರದ ವ್ಯವಸ್ಥೆಯಲ್ಲಿ ಅದಕ್ಕೆ ಸಮನಾದುದು ಕಡಿಮೆ ಎಂಬುದು ನಮ್ಮ ಅಭಿಪ್ರಾಯ. ಅದರ ಪರಿಚಾರಕಗಳನ್ನು ‘ಕಾಂಪೊನೆಂಟ್’ ಎನ್ನುತ್ತಾರೆ. ಫ್ಯಾಸೆಟ್ಸ್ ಎಂಬ ಕಾಂಪೊನೆಂಟ್ ಹಾಕಿಕೊಂಡರೆ ಭಂಡಾರವನ್ನು ಗಾಯಕರ ಪ್ರಕಾರವಾಗಿ ಮಾತ್ರವಲ್ಲ, ನೀವು ಕಲ್ಪಿಸಿಕೊಂಡ ಯಾವುದೇ ಮನೆಯ ಪ್ರಕಾರ ವಿಂಗಡಿಸಿ ನೋಡಬಹುದು. ‘ರಾಗ’ ಎಂಬ ಮನೆಯನ್ನು ತೆರೆದು ತುಂಬಿದರೆ ಭೈರವಿಯವೆಲ್ಲ ಒಂದು ಕಡೆ, ತೋಡಿಯವೆಲ್ಲ ಇನ್ನೊಂದು ಕಡೆ.

ಆಪಲ್ ಸಂಸ್ಥೆಯ ಐಟ್ಯೂನ್ಸ್ ಇನ್ನೊಂದು ದಾರಿಯದು. ಸೌಂಡ್‌ಜ್ಯಾಮ್ ಎಂಬ ಪ್ಲೇಯರನ್ನು ಕೊಂಡು ತಿದ್ದಿ 2001ರ ಜನವರಿಯಲ್ಲಿ ಅದನ್ನು ಬಿಡುಗಡೆ ಮಾಡಿದರು; 2003ರಲ್ಲಿ ವಿಂಡೋಸ್ ಗಣಕಗಳಿಗೂ ಕೊಟ್ಟರು; 2019ರಲ್ಲಿ ಮ್ಯಾಕ್ ಗಣಕಗಳಲ್ಲಿ ಅದರ ಬದಲು ‘ಮ್ಯೂಸಿಕ್’ ಎಂಬುದನ್ನು ತಂದರು. ಇದಕ್ಕೆ ಪರಿಚಾರಕವೆಂದರೆ ಆಪಲ್‌ಸ್ಕ್ರಿಪ್ಟ್ ಎಂಬ ಸರಳ ಭಾಷೆಯ ಸಣ್ಣ ಬರಹಗಳು. ಡಗ್ ಆಡಮ್ಸ್ ಎಂಬೊಬ್ಬರು ಇಂಥ ನೂರಾರು ಬರಹಗಳನ್ನು ಬರೆದು ಹಂಚಿದ್ದಾರೆ. ಕಡತ ಕಳೆದುಹೋಗಿ ಹೆಸರು ಮಾತ್ರ ಉಳಿದ ಸಾಲುಗಳನ್ನು ಒಮ್ಮೆಲೆ ತೆಗೆಯುವುದು, ಹೆಸರಿನ ಹಿಂದುಮುಂದಿನ ಖಾಲಿ ಜಾಗವನ್ನು ಕತ್ತರಿಸುವುದು, ಗಾಯಕರ ಹೆಸರನ್ನೂ ಹಾಡಿನ ಹೆಸರನ್ನೂ ಅದಲುಬದಲು ಮಾಡುವುದು, ಹೀಗೆ ಒಂದೊಂದಕ್ಕೂ ಒಂದೊಂದೇ ಕೆಲಸ. ಒಂದೇ ಕೆಲಸ ಮಾಡುವ ಸಾಧನವನ್ನು ನಂಬುವುದು ಸುಲಭ.

ಇವೆಲ್ಲಕ್ಕಿಂತ ಬೆರಗಿನದು ಧ್ವನಿಯನ್ನೇ ಕೇಳಿ ಹೆಸರು ಹೇಳುವ ಸಾಧನ. ಮ್ಯೂಸಿಕ್‌ಬ್ರೈನ್ಸ್ ಬಳಗದವರ ಪಿಕಾರ್ಡ್ ಎಂಬ ತಂತ್ರಾಂಶ ಹಾಗೆ ಮಾಡಬಲ್ಲದು. (ಆ ಹೆಸರು ಒಂದು ದೂರದರ್ಶನ ಧಾರಾವಾಹಿಯ ನೌಕಾನಾಯಕನದು. ಇವರು ನಾಮಕರಣದ ವಿಷಯದಲ್ಲಿ ಮಾತ್ರ ಗಾಂಭೀರ್ಯವನ್ನು ಬಿಟ್ಟವರು.) ಅದರ ಹಿಂದಿರುವ ಲೆಕ್ಕಾಚಾರವನ್ನು ಬರೆದವರು ಲುಕಾಶ್ ಲಾಲಿನ್ಸ್ಕಿ, ಅದಕ್ಕೆ ಕ್ರೋಮಾಪ್ರಿಂಟ್ ಎಂದು ಹೆಸರು. ಹಾಡಿನ ಮೊದಲ ಎರಡು ನಿಮಿಷಗಳನ್ನು ತೆಗೆದುಕೊಂಡು, ಕ್ಷಣಕ್ಷಣಕ್ಕೂ ಅದರಲ್ಲಿ ಯಾವ ಸ್ವರ ಎಷ್ಟು ಬಲವಾಗಿದೆ ಎಂಬುದನ್ನು ಹನ್ನೆರಡು ಮನೆಗಳಲ್ಲಿ ಗುರುತಿಸುತ್ತದೆ. ಹನ್ನೆರಡೆಂದೊಡನೆ ಸಂಗೀತ ಬಲ್ಲ ವಾಚಕರಿಗೆ ಹೊಳೆದಿರಬಹುದು: ಷಡ್ಜದಿಂದ ನಿಷಾದದವರೆಗಿನ ಕೋಮಲ ತೀವ್ರಗಳೆಲ್ಲ ಸೇರಿದ ನಮ್ಮ ಹನ್ನೆರಡು ಸ್ವರಸ್ಥಾನಗಳೇ ಅವು. ಮೇಲಿನ ಸಪ್ತಕವೋ ಕೆಳಗಿನದೋ ಎಂಬುದನ್ನು ಲೆಕ್ಕಿಸದೆ ಸ್ವರವನ್ನು ಮಾತ್ರ ಹಿಡಿದು, ಆ ಚಲನೆಯಿಂದ ಒಂದು ಬೆರಳಚ್ಚಿನಂಥ ಗುರುತನ್ನು ತಯಾರಿಸಿ, ಅದನ್ನು ಅಕೌಸ್ಟ್‌ಐಡಿ ಎಂಬ ಖಾತೆಯೊಂದಿಗೆ ಹೋಲಿಸುತ್ತದೆ. ಹೋಲಿಕೆ ಚೆನ್ನಾಗಿದ್ದರೆ ಹಸಿರು ಗುರುತು ತೋರಿಸುತ್ತದೆ, ಸಂಶಯವಿದ್ದರೆ ಕೆಂಪಿನತ್ತ ಸರಿಯುತ್ತದೆ. ‘ಸೇವ್’ ಒತ್ತುವವರೆಗೆ ಕಡತದೊಳಗೆ ಏನನ್ನೂ ಬರೆಯುವುದಿಲ್ಲ. ಈ ಸಂಯಮ ನಮಗೆ ಬಹಳ ಹಿಡಿಸಿತು.

ಆದರೆ ಅದು ಗುರುತಿಸುವುದು ಒಂದು ನಿರ್ದಿಷ್ಟ ಧ್ವನಿಮುದ್ರಣವನ್ನೇ ಹೊರತು ಹಾಡನ್ನಲ್ಲ. ಒಂದೇ ವಚನವನ್ನು ಇಬ್ಬರು ಹಾಡಿದರೆ ಅದಕ್ಕೆ ಅವು ಎರಡು. ಕ್ಯಾಸೆಟ್ ಯಂತ್ರದ ವೇಗ ತುಸು ಹೆಚ್ಚುಕಡಿಮೆಯಾಗಿ ಶ್ರುತಿ ಏರಿಳಿದಿದ್ದರೆ ಗುರುತು ತಪ್ಪಬಹುದು. ಖಾತೆಯಲ್ಲಿ ಯಾರೂ ಬರೆದಿಡದ ಧ್ವನಿಯನ್ನಂತೂ ಅದು ಗುರುತಿಸಲಾರದು. ಹುಬ್ಬಳ್ಳಿಯ ಪೇಟೆಯಲ್ಲಿ ಕೊಂಡ ಹಳೆಯ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ತತ್ತ್ವಪದಗಳನ್ನು ಅದರ ಮುಂದಿಟ್ಟರೆ ಮೌನವೇ ಉತ್ತರ.

ನಮ್ಮ ಸಂಗೀತದ ಮಟ್ಟಿಗೆ ಮುಖ್ಯವಾದ ತೊಡಕು ಬೇರೆಯೇ ಉಂಟು. ಈ ಸಾಧನಗಳನ್ನು ಮಾಡಿದವರ ಕಣ್ಣಮುಂದಿದ್ದುದು ಹಾಡು, ಗಾಯಕ, ಸಂಪುಟ ಎಂಬ ಮೂರು ಮಾತಿನ ಜಗತ್ತು. ವಚನಗಾಯನವನ್ನು ಆ ಮೂರರಲ್ಲಿ ಕೂಡಿಸಿ ನೋಡಿರಿ. ವಚನ ಬಸವಣ್ಣನವರದು, ರಾಗಸಂಯೋಜನೆ ಒಬ್ಬರದು, ಕಂಠ ಇನ್ನೊಬ್ಬರದು, ತಬಲಾ ಹಾರ್ಮೋನಿಯಂ ಮತ್ತೊಬ್ಬರದು. ‘ಗಾಯಕ’ ಎಂಬ ಮನೆಯಲ್ಲಿ ಕೆಲವರು ಬಸವಣ್ಣನವರ ಹೆಸರನ್ನೇ ತುಂಬಿರುತ್ತಾರೆ; ಕೆಲವರು ಕ್ಯಾಸೆಟ್ ಕಂಪನಿಯ ಹೆಸರನ್ನು ಬರೆದಿರುತ್ತಾರೆ. ನಮ್ಮ ಸಲಹೆ ಇಷ್ಟು: ಹಾಡಿದವರು ಗಾಯಕರ ಮನೆಯಲ್ಲಿ, ವಚನಕಾರರು ಸಾಹಿತ್ಯದ ಮನೆಯಲ್ಲಿ, ರಾಗ ಕೂಡಿಸಿದವರು ಸಂಯೋಜಕರ ಮನೆಯಲ್ಲಿ, ರಾಗದ ಹೆಸರಿಗೆ ನಿಮ್ಮದೇ ಒಂದು ಮನೆ. ಹಾಡಿನ ಹೆಸರಿನ ಜಾಗದಲ್ಲಿ ವಚನದ ಮೊದಲ ಸಾಲು. ಸಾಧ್ಯವಾದರೆ ವಚನದ ಪೂರ್ತಿ ಪಾಠವನ್ನು ಸಾಹಿತ್ಯದ ಮನೆಯಲ್ಲಿ ಬರೆದಿಡಿರಿ. ಕೇಳುವ ಮಕ್ಕಳು ಓದಿಕೊಳ್ಳುವರು.

ಹೆಸರಿನ ಕಾಗುಣಿತವನ್ನೂ ಮೊದಲೇ ನಿಶ್ಚಯಿಸಿಕೊಳ್ಳಬೇಕು. ಮಲ್ಲಿಕಾರ್ಜುನ ಮನ್ಸೂರರ ಹೆಸರನ್ನು ರೋಮನ್ ಲಿಪಿಯಲ್ಲಿ ಒಂದು ತಟ್ಟೆ ಒಂದು ‘ಯು’ ಹಾಕಿ ಬರೆದರೆ ಇನ್ನೊಂದು ಎರಡು ‘ಓ’ ಹಾಕಿ ಬರೆಯುತ್ತದೆ. ಮತ್ತೊಂದು ಹಿಂದೆ ‘ಪಂಡಿತ್’ ಎಂದು ಸೇರಿಸುತ್ತದೆ. ಮನೆಯವರು ಕನ್ನಡದಲ್ಲಿ ಬರೆದುದು ಬೇರೆ. ಗಣಕದ ಭಂಡಾರದಲ್ಲಿ ಒಬ್ಬ ಮನ್ಸೂರರು ನಾಲ್ವರಾಗಿ ಕೂತಿರುತ್ತಾರೆ. ಎಂಪಿ3ಟ್ಯಾಗ್ ಎಂಬ ತಂತ್ರಾಂಶ ಇಂಥಲ್ಲಿ ಬಲು ಉಪಕಾರಿ. ಫ್ಲೋರಿಯಾನ್ ಹೈಡನ್‌ರೈಖ್ ಎಂಬವರ ಕೃತಿ ಇದು. ನಾಲ್ಕು ನೂರು ಕಡತಗಳನ್ನು ಒಟ್ಟಿಗೆ ಆರಿಸಿ ಒಂದೇ ಸಲ ಹೆಸರು ತಿದ್ದಬಹುದು. ಕಡತದ ಹೆಸರಿನಿಂದ ಟ್ಯಾಗನ್ನೂ ಟ್ಯಾಗಿನಿಂದ ಕಡತದ ಹೆಸರನ್ನೂ ತಯಾರಿಸಬಹುದು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಹೆಸರು ತುಂಬಿದವರಿಗೆ ಮಾತ್ರ ಒಂದು ಎಚ್ಚರಿಕೆ. ಆ ಶೈಲಿಗಳಲ್ಲಿ ಕನ್ನಡದಂತೆ ಕಾಣುತ್ತಿದ್ದುದು ಒಳಗೆ ರೋಮನ್ ಸಂಕೇತಗಳೇ ಆಗಿದ್ದುದರಿಂದ ಪ್ಲೇಯರಿನ ತೆರೆಯ ಮೇಲೆ ಅರ್ಥವಿಲ್ಲದ ಅಕ್ಷರಗಳ ಸಂತೆ ಕಾಣುತ್ತದೆ. ಅವನ್ನು ಯೂನಿಕೋಡಿಗೆ ಪರಿವರ್ತಿಸಿಯೇ ತುಂಬಬೇಕು. ಟ್ಯಾಗನ್ನು ಐಡಿ3ಯ 2.3ನೆಯ ಆವೃತ್ತಿಯಲ್ಲಿ, ಯುಟಿಎಫ್-16 ಕ್ರಮದಲ್ಲಿ ಬರೆಸಿದರೆ ಹಳೆಯ ಯಂತ್ರಗಳೂ ಹೊಸವೂ ಓದಿಕೊಳ್ಳುವುದು ಹೆಚ್ಚು ಸಂಭವ.

ಈಗ ನಮ್ಮ ಮನಸ್ಸನ್ನು ಕಲಕಿದ ಒಂದು ಪತ್ರದ ವಿಚಾರ. ಹಾವೇರಿ ಜಿಲ್ಲೆಯ ತರುಣರೊಬ್ಬರು ಬರೆದಿದ್ದಾರೆ. ಅವರ ತಂದೆಯವರು ಶಾಲಾ ಮಾಸ್ತರರಾಗಿ ನಿವೃತ್ತರಾದವರು. ಹತ್ತು ವರ್ಷ ಪ್ರತಿ ರಾತ್ರಿ ಕೂತು ಹಾಡುಗಳನ್ನು ಕೇಳುತ್ತ, ಮೆಚ್ಚಿದವಕ್ಕೆ ಐದು ನಕ್ಷತ್ರ, ಸಾಧಾರಣಕ್ಕೆ ಮೂರು ಎಂದು ಗುರುತು ಹಾಕುತ್ತ, ‘ಸೋಮವಾರ’, ‘ಶ್ರಾವಣ’, ‘ಅವ್ವನಿಗೆ’ ಎಂದು ಪಟ್ಟಿಗಳನ್ನು ಕಟ್ಟಿದ್ದರು. ತಂದೆಯವರು ಲಿಂಗೈಕ್ಯರಾದ ಬಳಿಕ ಮಗ ಹೊಸ ಗಣಕವನ್ನು ತಂದು, ಹಾಡುಗಳಿದ್ದ ಫೋಲ್ಡರನ್ನು ಅದಕ್ಕೆ ಸಾಗಿಸಿ, ಹಳೆಯದನ್ನು ಮಾರಿಬಿಟ್ಟರು. ಹಾಡುಗಳು ಬಂದವು, ನಕ್ಷತ್ರಗಳು ಬರಲಿಲ್ಲ, ಪಟ್ಟಿಗಳೂ ಬರಲಿಲ್ಲ. ‘ಅಪ್ಪನವರು ಅವ್ವನಿಗೆಂದು ಆರಿಸಿದ್ದ ಹಾಡುಗಳು ಯಾವುವೆಂದು ಈಗ ಯಾರಿಗೂ ಗೊತ್ತಿಲ್ಲ’ ಎಂದು ಆ ಮಗ ಬರೆದಿದ್ದಾರೆ.

ಹೀಗಾಗಲು ಕಾರಣವನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ಐಟ್ಯೂನ್ಸ್‌ನಂಥ ಪ್ಲೇಯರುಗಳಲ್ಲಿ ಹಾಡಿನ ಹೆಸರು ಕಡತದೊಳಗಣ ಚೀಟಿಯಲ್ಲಿರುತ್ತದೆ; ಆದರೆ ನಕ್ಷತ್ರ, ಎಷ್ಟು ಸಲ ಕೇಳಿದಿರೆಂಬ ಲೆಕ್ಕ, ಪಟ್ಟಿಗಳು ಪ್ಲೇಯರಿನ ಸ್ವಂತ ಖಾತೆಪುಸ್ತಕದಲ್ಲಿರುತ್ತವೆ. ಕಡತವನ್ನು ಸಾಗಿಸಿ ಖಾತೆಪುಸ್ತಕವನ್ನು ಬಿಟ್ಟರೆ ಅಷ್ಟೂ ಹೋಯಿತು. ವಚನಸಾಹಿತ್ಯವನ್ನು ಅಭ್ಯಸಿಸಿದವರಿಗೆ ಈ ಭೇದ ಹೊಸದಲ್ಲ. ತಾಡೋಲೆಯ ಕಟ್ಟಿನ ಮೇಲಿನ ಹೆಸರು ಅಳಿದುಹೋಗಿದ್ದರೂ, ಗರಿಗಳು ಚದುರಿದ್ದರೂ, ‘ಕೂಡಲಸಂಗಮದೇವ’ ಎಂದಿದ್ದರೆ ಬಸವಣ್ಣನವರದು, ‘ಗುಹೇಶ್ವರ’ ಎಂದಿದ್ದರೆ ಪ್ರಭುದೇವರದು ಎಂದು ಹೇಳಬಲ್ಲೆವು. ಅಂಕಿತವು ವಚನದ ಒಳಗೆ ಕೂತಿದೆ, ಪ್ರತಿ ಮಾಡಿದವನು ಅದನ್ನೂ ಪ್ರತಿ ಮಾಡಲೇಬೇಕು. ಹೊರಗಿನ ಸೂಚಿಪಟ್ಟಿಯಲ್ಲಿ ಮಾತ್ರ ಇದ್ದುದು ಸೂಚಿಪಟ್ಟಿಯೊಂದಿಗೆ ಹೋಗುತ್ತದೆ.

ಆದುದರಿಂದ ಪರಿಚಾರಕವನ್ನು ಆರಿಸುವಾಗ ಅದು ಬರೆಯುವುದು ಕಡತದೊಳಗೋ ಹೊರಗಿನ ಖಾತೆಯಲ್ಲೋ ಎಂಬುದನ್ನು ಮೊದಲು ವಿಚಾರಿಸಬೇಕು. ಫೂಬಾರ್2000ದ ‘ಪ್ಲೇಬ್ಯಾಕ್ ಸ್ಟಾಟಿಸ್ಟಿಕ್ಸ್’ ಎಂಬ ಕಾಂಪೊನೆಂಟ್ ತನ್ನ ಲೆಕ್ಕವನ್ನು ಸ್ವಂತ ಖಾತೆಯಲ್ಲಿಡುತ್ತದೆಯಾದರೂ ಅದನ್ನು ಕಡತದ ಟ್ಯಾಗಿಗೆ ಬರೆದುಹಾಕುವ ಅನುಕೂಲವನ್ನು ಕೊಟ್ಟಿದೆ. ಅದು ಹಾಡನ್ನು ಗುರುತಿಸುವುದು ಗಾಯಕ, ಸಂಪುಟ, ತಟ್ಟೆಯ ಸಂಖ್ಯೆ, ಹಾಡಿನ ಸಂಖ್ಯೆ, ಹಾಡಿನ ಹೆಸರು ಇವೆಲ್ಲವನ್ನೂ ಸೇರಿಸಿ. ಕಡತವನ್ನು ಬೇರೆ ಫೋಲ್ಡರಿಗೆ ಸಾಗಿಸಿದರೂ ಲೆಕ್ಕ ತಪ್ಪುವುದಿಲ್ಲ. ಐಟ್ಯೂನ್ಸ್ ಹಾಗಲ್ಲ; ಅದಕ್ಕೆ ಹೇಳದೆ ಕಡತವನ್ನು ಎತ್ತಿಟ್ಟರೆ ಹಾಡಿನ ಪಕ್ಕದಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ ನಿಲ್ಲುತ್ತದೆ. ಕಡತವಿದ್ದೂ ಇಲ್ಲದಂತಾಯಿತು. ಹಾವೇರಿಯ ತರುಣರಿಗೆ ನಾವು ಬರೆದುದು ಇಷ್ಟೇ: ಹಳೆಯ ಗಣಕವನ್ನು ಕೊಂಡವರು ಅದರ ಹಾರ್ಡ್ ಡಿಸ್ಕನ್ನು ಇನ್ನೂ ಅಳಿಸಿರದಿದ್ದರೆ ‘ಐಟ್ಯೂನ್ಸ್ ಲೈಬ್ರರಿ’ ಎಂಬ ಹೆಸರಿನ ಕಡತಗಳನ್ನು ಕೇಳಿ ತನ್ನಿರಿ. ಹೋಗಿ ವಿಚಾರಿಸುವುದಾಗಿ ತಿಳಿಸಿದ್ದಾರೆ.

ಪರಿಚಾರಕರಲ್ಲಿ ನಾವು ಅತ್ಯಂತ ಸಂಶಯದಿಂದ ನೋಡುವುದು ನಕಲು ಹಾಡುಗಳನ್ನು ಹುಡುಕಿ ಅಳಿಸುವವರನ್ನು. ಜಾಗ ಉಳಿಸುವುದು ಒಳ್ಳೆಯದೇ. ಆದರೆ ಇವುಗಳ ಸಾಮಾನ್ಯ ಅಳತೆಯೇನು? ಹಾಡಿನ ಹೆಸರೂ ಗಾಯಕರ ಹೆಸರೂ ಒಂದೇ ಆಗಿದ್ದರೆ ನಕಲು ಎಂದು ಐಟ್ಯೂನ್ಸ್ ತೋರಿಸುತ್ತದೆ. ಸಿನಿಮಾ ಹಾಡುಗಳಿಗೆ ಇದು ಸರಿಹೋಗಬಹುದು. ಮನ್ಸೂರರು ಶಿವಮತ ಭೈರವವನ್ನು ಒಂದು ಬೈಠಕ್ಕಿನಲ್ಲಿ ಹಾಡಿದುದು, ಆಕಾಶವಾಣಿಗೆ ಹಾಡಿದುದು, ಇನ್ನೊಂದೂರಿನಲ್ಲಿ ಹಾಡಿದುದು ಎಲ್ಲಕ್ಕೂ ಹೆಸರು ಶಿವಮತ ಭೈರವ, ಗಾಯಕರು ಮನ್ಸೂರರು. ಅವನ್ನು ನಕಲು ಎನ್ನುವವನಿಗೆ ಖಯಾಲ್ ಗಾಯನವೆಂದರೇನೆಂದು ತಿಳಿಯದು. ಮನ್ಸೂರರು 1992ರಲ್ಲಿ ತೀರಿಕೊಂಡರು, ಬಸವರಾಜ ರಾಜಗುರುಗಳು ಅದಕ್ಕೂ ಒಂದು ವರ್ಷ ಮೊದಲು. ಅವರ ಒಂದೊಂದು ಬೈಠಕ್ಕಿನ ಮುದ್ರಣವೂ ಮತ್ತೆ ದೊರೆಯಲಾರದ್ದು. ಇಂಥ ಸಾಧನವನ್ನು ಬಳಸಲೇಬೇಕಾದರೆ ಕಾಲಾವಧಿಯನ್ನೂ ಹೋಲಿಸುವಂತೆ ಹೇಳಿರಿ, ಕ್ರೋಮಾಪ್ರಿಂಟಿನ ಬೆರಳಚ್ಚನ್ನು ನೋಡುವಂಥದಾದರೆ ಇನ್ನೂ ಒಳ್ಳೆಯದು, ಮತ್ತು ಅಳಿಸುವ ಅಧಿಕಾರವನ್ನು ಮಾತ್ರ ಅದಕ್ಕೆ ಕೊಡಬೇಡಿರಿ. ಪಟ್ಟಿಯನ್ನು ತೋರಿಸಲಿ, ಕಿವಿಯಿಂದ ಕೇಳಿ ನೀವೇ ತೆಗೆಯಿರಿ. ಮುಂದಿನ ಸಲ ಇಕ್ಕಟ್ಟು ಬರದಂತೆ ಸಂಪುಟದ ಮನೆಯಲ್ಲಿ ಊರನ್ನೂ ಇಸವಿಯನ್ನೂ ಬರೆದುಬಿಡಿರಿ.

ಧ್ವನಿಯ ಏರುಪೇರಿನ ವಿಚಾರವನ್ನು ಚಿಕ್ಕದಾಗಿ ಹೇಳುತ್ತೇವೆ. ಹಳೆಯ ಮುದ್ರಣ ಮೆಲ್ಲಗೆ, ಹೊಸದು ಅಬ್ಬರವಾಗಿ ಕೇಳಿ ಪೂಜೆಯ ಹೊತ್ತಿನಲ್ಲಿ ಮನೆಮಂದಿಯೆಲ್ಲ ಬೆಚ್ಚುವುದುಂಟಲ್ಲ. 2001ರಲ್ಲಿ ಡೇವಿಡ್ ರಾಬಿನ್ಸನ್ ಎಂಬವರು ಸೂಚಿಸಿದ ರಿಪ್ಲೇಗೇನ್ ಎಂಬ ಪದ್ಧತಿ ಇದಕ್ಕೆ ಮದ್ದು. ಹಾಡು ಕಿವಿಗೆ ಎಷ್ಟು ಗಟ್ಟಿಯಾಗಿ ಕೇಳುತ್ತದೆಂದು ಅಳೆದು, 89 ಡೆಸಿಬೆಲ್ಲಿನ ಮಟ್ಟಕ್ಕೆ ತರಲು ಎಷ್ಟು ಏರಿಸಬೇಕು ಅಥವಾ ಇಳಿಸಬೇಕು ಎಂಬ ಅಂಕೆಯನ್ನು ಮಾತ್ರ ಟ್ಯಾಗಿನಲ್ಲಿ ಬರೆಯುತ್ತದೆ, ಧ್ವನಿಯನ್ನು ಮುಟ್ಟುವುದಿಲ್ಲ. ಒಂದೇ ಕಛೇರಿಯ ವಿಲಂಬಿತ್ ಮತ್ತು ದ್ರುತ್ ಬೇರೆ ಬೇರೆ ಕಡತಗಳಲ್ಲಿದ್ದರೆ ‘ಸಂಪುಟ’ದ ಅಳತೆಯನ್ನೇ ಆರಿಸಬೇಕು, ಬಿಡಿಬಿಡಿಯಾಗಿ ಅಳೆದರೆ ಆಲಾಪದ ಮಾರ್ದವವೂ ತಾನಿನ ಬೀಸೂ ಒಂದೇ ಎತ್ತರಕ್ಕೆ ಬಂದು ಕೂತು ರಸಭಂಗವಾಗುತ್ತದೆ.

ಇನ್ನು ಉಳಿದುದು ಮನೆಯ ಧ್ವನಿಗಳು. ಅಜ್ಜಿ ಬೀಸುವಾಗ ಹಾಡಿದ ಪದ, ಊರ ಭಜನಾ ಮಂಡಳಿಯವರು ರಾತ್ರಿಯೆಲ್ಲ ಹಾಡಿದುದು, ಮಠದ ಪುರಾಣದಲ್ಲಿ ಗವಾಯಿಗಳು ಕೂತು ನುಡಿಸಿದುದು, ಇಂಥವನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟ ಮನೆಗಳು ನಮ್ಮಲ್ಲಿ ಸಾಕಷ್ಟಿವೆ. ಪಿಕಾರ್ಡಿಗೆ ಅವು ಗೊತ್ತಿಲ್ಲ, ಗ್ರೇಸ್‌ನೋಟಿಗೆ ಗೊತ್ತಿಲ್ಲ. ಆ ಧ್ವನಿ ಯಾರದು, ತಾಳ ಹಾಕಿದವರು ಯಾರು, ಅದು ಯಾವ ಜಾತ್ರೆಯ ರಾತ್ರಿ ಎಂಬುದು ನಿಮ್ಮ ಮನೆಯ ಒಬ್ಬಿಬ್ಬರು ಹಿರಿಯರಿಗೆ ಮಾತ್ರ ಗೊತ್ತು. ಇವನ್ನು ಎಂಪಿ3 ಮಾಡುವುದಕ್ಕಿಂತ ಫ್ಲ್ಯಾಕ್ ಎಂಬ ರೂಪದಲ್ಲಿ ಇಡುವುದು ಮೇಲು. ಧ್ವನಿಯಲ್ಲಿ ಒಂದಿಷ್ಟೂ ನಷ್ಟವಿಲ್ಲ. ಅದರ ಚೀಟಿ ಮೊದಲಿನಿಂದಲೂ ಯುಟಿಎಫ್-8 ಕ್ರಮದ್ದು, ಕನ್ನಡಕ್ಕೆ ತೊಡಕಿಲ್ಲ. ಮನೆಗಳಿಗೆ ನಿಮಗೆ ಬೇಕಾದ ಹೆಸರಿಡಬಹುದು. ಹಿರಿಯರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಒಂದೊಂದನ್ನೇ ಹಚ್ಚಿರಿ, ಅವರು ಹೇಳಿದುದನ್ನು ಟಿಪ್ಪಣಿಯ ಮನೆಯಲ್ಲಿ ಅವರ ಮಾತಿನಲ್ಲಿಯೇ ಬರೆದುಕೊಳ್ಳಿರಿ. ಒಂದು ಸಂಜೆಗೆ ನಾಲ್ಕು ಹಾಡುಗಳಾದರೂ ಸಾಕು. ದಣಿಸಬೇಡಿರಿ.

ಯಾವ ಪರಿಚಾರಕನನ್ನಾಗಲಿ ಭಂಡಾರದೊಳಗೆ ಬಿಡುವ ಮುನ್ನ ಇಡೀ ಭಂಡಾರವನ್ನೂ ಪ್ಲೇಯರಿನ ಖಾತೆಪುಸ್ತಕವನ್ನೂ ಬೇರೊಂದು ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಿ, ಆ ಡಿಸ್ಕನ್ನು ಗಣಕದಿಂದ ಬಿಚ್ಚಿ ಎತ್ತಿಡಿರಿ. ಹೊಸ ಸಾಧನವನ್ನು ಮೊದಲು ಹತ್ತು ಹಾಡುಗಳ ಮೇಲೆ ಪ್ರಯೋಗಿಸಿರಿ. ಬೆಲೆಯನ್ನು ಕೇಳಿದವರಿಗೆ: ಪಿಕಾರ್ಡ್ ಉಚಿತ, ಫೂಬಾರ್2000 ಉಚಿತ, ಎಂಪಿ3ಟ್ಯಾಗ್ ವಿಂಡೋಸ್ ಗಣಕಗಳಿಗೆ ಉಚಿತ, ಮ್ಯಾಕ್ ಗಣಕದವರು ಮಾತ್ರ ಕೊಳ್ಳಬೇಕು. ಕ್ಯಾಸೆಟ್ಟಿನ ಧ್ವನಿಯನ್ನು ಗಣಕಕ್ಕೆ ಇಳಿಸಿಕೊಳ್ಳುವ ಕ್ರಮವನ್ನು, ಜೋಡಿಸಬೇಕಾದ ತಂತಿಗಳ ವಿವರದೊಂದಿಗೆ, ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ.